ಓದುಗರ ಪ್ರಶ್ನೆ: ಕಾಯಿಲೆಯ ಹೆಸರೂ ಸರ್ಕಾರ ಕೇಳುವ ಶೇಕಡಾ ಲೆಕ್ಕವೂ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿವೆ: ‘ಮನೆಯಲ್ಲಿ ಇಷ್ಟು ದೊಡ್ಡ ಕಾಯಿಲೆ ಇದೆ, ಸರ್ಕಾರದಿಂದ ಏನೂ ಸಿಗುವುದಿಲ್ಲವೇ?’ ಸಿಗುತ್ತದೆ, ಆದರೆ ಅದು ಎರಡು ಬೇರೆ ಬೇರೆ ದಾರಿಗಳಲ್ಲಿ ಬರುತ್ತದೆ ಎಂಬುದು ತಿಳಿಯದೆ ಜನ ಒಂದು ದಾರಿಯ ಕಾಗದ ಹಿಡಿದು ಇನ್ನೊಂದು ದಾರಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಮೊದಲನೆಯದು ಚಿಕಿತ್ಸೆಯ ದಾರಿ; ಅಲ್ಲಿ ರೋಗ ಯಾವುದು ಎಂಬುದೇ ಮುಖ್ಯ. ಎರಡನೆಯದು ವಿಕಲಚೇತನರ ಸೌಲಭ್ಯಗಳ ದಾರಿ; ಅಲ್ಲಿ ಮುಖ್ಯವಾಗುವುದು ಆ ರೋಗ ಅಥವಾ ಅಪಘಾತ ಉಳಿಸಿಹೋದ ನ್ಯೂನತೆ ಶೇಕಡಾ ಎಷ್ಟು ಎಂಬ ಲೆಕ್ಕ. ಆಸ್ಪತ್ರೆಯೊಂದರಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದ ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ವಿವರಿಸಿದ ಸಂಗತಿ ಇದೇ ಆಗಿದ್ದರಿಂದ, ಕೆಳಗಿನ ಉತ್ತರಗಳಲ್ಲಿಯೂ ಅದು ಮತ್ತೆ ಮತ್ತೆ ಬರುವುದನ್ನು ಓದುಗರು ಮನ್ನಿಸಬೇಕು.

ಪ್ರಶ್ನೆ: ನನ್ನ ಯಜಮಾನರಿಗೆ 46 ವರ್ಷ. ಗಾರೆ ಕೆಲಸದ ಮೇಸ್ತ್ರಿಯಾಗಿದ್ದರು. ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸ್ವಾಧೀನ ತಪ್ಪಿವೆ. ಆಯುಷ್ಮಾನ್ ಕಾರ್ಡಿನಿಂದ ಆಸ್ಪತ್ರೆಯ ಖರ್ಚು ಹೋಯಿತು. ಈಗ ಮನೆ ನಡೆಯುವುದು ನಾನು ಕಟ್ಟುವ ಬೀಡಿಯಿಂದ. ಪಂಚಾಯತ್‌ನಲ್ಲಿ ಪಿಂಚಣಿ ಕೇಳಿದರೆ ಅಂಗವಿಕಲರ ಕಾರ್ಡ್ ತನ್ನಿ ಎನ್ನುತ್ತಾರೆ, ಆಸ್ಪತ್ರೆಯಲ್ಲಿ ಕಾರ್ಡ್ ಕೇಳಿದರೆ ಇನ್ನೆರಡು ತಿಂಗಳು ಬಿಟ್ಟು ಬನ್ನಿ ಎನ್ನುತ್ತಾರೆ. ನಮ್ಮನ್ನು ಸುಮ್ಮನೆ ಅಲೆದಾಡಿಸುತ್ತಿದ್ದಾರೆಯೇ?
— ಓದುಗರು, ಬಂಟ್ವಾಳ ತಾಲ್ಲೂಕು

ಉತ್ತರ: ಆಸ್ಪತ್ರೆಯವರು ಹೇಳಿದ್ದು ಸರಿಯಾಗಿದೆ. ಪಾರ್ಶ್ವವಾಯು ಬಡಿದ ಮೊದಲ ಕೆಲವು ತಿಂಗಳಲ್ಲಿ ಕೈಕಾಲುಗಳ ಬಲ ಸ್ವಲ್ಪಮಟ್ಟಿಗೆ ಮರಳಿ ಬರುವ ಸಾಧ್ಯತೆ ಇರುವುದರಿಂದ, ನ್ಯೂನತೆ ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆಯೇ ಮಾಡುತ್ತಾರೆ. ಈ ಕಾಯುವಿಕೆಯನ್ನು ನಷ್ಟವೆಂದು ತಿಳಿಯಬೇಡಿ, ಏಕೆಂದರೆ ಫಿಸಿಯೋಥೆರಪಿಯಿಂದ ನಿಜವಾದ ಪ್ರಯೋಜನ ಸಿಗುವುದೂ ಇದೇ ತಿಂಗಳುಗಳಲ್ಲಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಇದೆಯೇ ಎಂದು ವಿಚಾರಿಸಿ, ಇದ್ದರೆ ತಪ್ಪದೆ ಕರೆದುಕೊಂಡು ಹೋಗಿ.

ಇನ್ನುಳಿದ ಎರಡು ತಿಂಗಳಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಡಿಸ್ಚಾರ್ಜ್ ಸಮ್ಮರಿಯನ್ನು ಒಮ್ಮೆ ತೆಗೆದು, ಅದರಲ್ಲಿ ಪಾರ್ಶ್ವವಾಯು ಬಡಿದ ದಿನಾಂಕ, ಯಾವ ಬದಿ ಎಂಬುದು, ನಿಮ್ಮ ಯಜಮಾನರ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂಬುದನ್ನು ಯಾರಿಂದಲಾದರೂ ಓದಿಸಿ ನೋಡಿ. ಹೆಸರಿನ ಒಂದಕ್ಷರ ವ್ಯತ್ಯಾಸಕ್ಕೆ ಮೂರು ಸಲ ಮಂಗಳೂರಿಗೆ ಬಂದು ಹೋದವರನ್ನು ನಾನು ಕಂಡಿದ್ದೇನೆ. ತಲೆಯ ಸ್ಕ್ಯಾನಿಂಗ್ ವರದಿಯ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಅವರ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿಯೇ ಕೇಳಿ, ಏಕೆಂದರೆ ಪಿಂಚಣಿ ಮಂಜೂರಾಗಿಯೂ ಹಣ ಬಾರದೆ ಹೋಗುವುದು ಬಹುಪಾಲು ಈ ಜೋಡಣೆ ಇಲ್ಲದ್ದರಿಂದ.

ಎಲ್ಲಕ್ಕಿಂತ ಮುಖ್ಯವಾದದ್ದು ಆದಾಯ ಪ್ರಮಾಣಪತ್ರ. ಈ ಪ್ರಮಾಣಪತ್ರಕ್ಕೆ ಐದು ವರ್ಷ ಮಾನ್ಯತೆ ಇದೆ. ಮಕ್ಕಳ ಶಾಲೆಗೋ ವಿದ್ಯಾರ್ಥಿವೇತನಕ್ಕೋ ಒಂದೆರಡು ವರ್ಷದ ಹಿಂದೆ ಮಾಡಿಸಿದ್ದು ನಿಮ್ಮಲ್ಲಿದ್ದರೆ, ಅದರಲ್ಲಿ ಇರುವುದು ನಿಮ್ಮ ಯಜಮಾನರು ದುಡಿಯುತ್ತಿದ್ದ ಕಾಲದ ಮೊತ್ತ. ಅಂಗವಿಕಲ ಪಿಂಚಣಿಗೆ ನಿಗದಿಯಾಗಿರುವ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ಬಿಪಿಎಲ್ ಪಡಿತರ ಚೀಟಿಗೆ 1.20 ಲಕ್ಷದವರೆಗೆ ಒಪ್ಪುವ ಸರ್ಕಾರವೇ ಪಿಂಚಣಿಗೆ ಬಂದಾಗ ಇಷ್ಟು ಕೆಳಗೆ ಗೆರೆ ಎಳೆದಿರುವುದು ನನ್ನ ಮಟ್ಟಿಗೆ ಸಮರ್ಥಿಸಲಾಗದ ವಿಚಾರ. ಬಿಪಿಎಲ್ ಕಾರ್ಡ್ ಇದೆ ಎಂಬ ಧೈರ್ಯದಲ್ಲಿ ಹಳೆಯ ಪ್ರಮಾಣಪತ್ರ ಕೊಟ್ಟು ಅರ್ಜಿ ತಿರಸ್ಕೃತವಾಗುವುದೂ ಇದರಿಂದಲೇ. ಮನೆಯ ಮುಖ್ಯ ದುಡಿಮೆ ನಿಂತುಹೋಗಿದೆ ಎಂಬುದನ್ನು ಗ್ರಾಮ ಆಡಳಿತಾಧಿಕಾರಿಗೆ ಡಿಸ್ಚಾರ್ಜ್ ಸಮ್ಮರಿ ತೋರಿಸಿ ತಿಳಿಸಿ, ಇಂದಿನ ಸ್ಥಿತಿಗೆ ತಕ್ಕ ಹೊಸ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ.

ಆರು ತಿಂಗಳು ತುಂಬಿದ ಮೇಲೆ ಯುಡಿಐಡಿ ಕಾರ್ಡಿಗೆ, ಅಂದರೆ ಪಂಚಾಯತಿನವರು ಕೇಳಿದ ಅಂಗವಿಕಲರ ಕಾರ್ಡಿಗೆ, ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಬೇಕು. ಗ್ರಾಮ ಒನ್ ಕೇಂದ್ರದಲ್ಲಿ ಮಾಡಿಸಬಹುದು, ಅಥವಾ ನಿಮ್ಮ ಪಂಚಾಯತ್‌ನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ, ಅಂದರೆ ಎಲ್ಲರೂ ವಿಆರ್‌ಡಬ್ಲ್ಯು ಎಂದು ಕರೆಯುವವರ, ನೆರವು ಪಡೆಯಬಹುದು. ಅವರೂ ಸಾಮಾನ್ಯವಾಗಿ ವಿಕಲಚೇತನರೇ ಆಗಿರುವುದರಿಂದ ಈ ದಾರಿಯ ಕಲ್ಲುಮುಳ್ಳು ಅವರಿಗೆ ಗೊತ್ತಿರುತ್ತದೆ. ಅರ್ಜಿಯನ್ನು ನೀವು ವಾಸವಿರುವ ಜಿಲ್ಲೆಯ ಆಸ್ಪತ್ರೆಗೆ, ಅಥವಾ ಈ ನ್ಯೂನತೆಗೆ ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಗೆ ಸಲ್ಲಿಸಬೇಕು. ನಿಮಗೆ ಅದು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಾಗಬಹುದು.

ತಪಾಸಣೆಯ ದಿನದ ಬಗ್ಗೆ ಒಂದು ಮಾತು. ವೈದ್ಯರು ಕೈ ಎತ್ತಿ, ಮುಷ್ಟಿ ಕಟ್ಟಿ, ಒಂಟಿ ಕಾಲಲ್ಲಿ ನಿಲ್ಲಿ ಎನ್ನುತ್ತಾರೆ; ಅಂಗಿಯ ಗುಂಡಿ ಹಾಕಿಕೊಳ್ಳಲು, ಊಟ ಮಾಡಲು, ಸ್ನಾನಕ್ಕೆ, ಮೆಟ್ಟಿಲು ಹತ್ತಲು ಆಗುತ್ತದೆಯೇ ಎಂದು ಕೇಳುತ್ತಾರೆ. ಆ ಹೊತ್ತಿಗೆ ನಮ್ಮ ಊರಿನ ಗಂಡಸರು ಹತ್ತು ಜನರ ಎದುರು ಮರ್ಯಾದೆ ಹೋದೀತೆಂದು ‘ಆಗುತ್ತದೆ, ಸ್ವಲ್ಪ ನಿಧಾನ’ ಎಂದುಬಿಡುತ್ತಾರೆ. ಮನೆಯಿಂದ ಹೊರಡುವಾಗ ಗುಂಡಿ ಹಾಕಿಕೊಟ್ಟವರು ನೀವು, ಲುಂಗಿ ಬಿಗಿದು ಕಟ್ಟಿದವರು ನೀವು. ಅದನ್ನು ಹೇಳುವುದು ದೂರಲ್ಲ, ಸುಳ್ಳೂ ಅಲ್ಲ. ವೈದ್ಯರು ಬರೆಯುವ ಅಂಕಿ ಅಂದು ಅವರಿಗೆ ಕಂಡದ್ದರ ಮತ್ತು ಕೇಳಿಸಿದ್ದರ ಮೇಲೆಯೇ ನಿಲ್ಲುತ್ತದೆ.

ಆ ಅಂಕಿ ಶೇ. 40 ಮುಟ್ಟಿದರೆ ಮಾಸಿಕ 800 ರೂಪಾಯಿ, ಶೇ. 75 ಮುಟ್ಟಿದರೆ 1,400 ರೂಪಾಯಿ ಪಿಂಚಣಿ. ಶೇ. 74 ಮತ್ತು 75ರ ನಡುವೆ ದೇಹಕ್ಕೆ ಯಾವ ವ್ಯತ್ಯಾಸವೂ ತಿಳಿಯದು, ಆದರೆ ತಿಂಗಳಿಗೆ 600 ರೂಪಾಯಿಯ ವ್ಯತ್ಯಾಸವಿದೆ. ಅಂಕಿ ನ್ಯಾಯವಾದದ್ದಲ್ಲ ಎಂದು ನಿಮಗೆ ನಿಜವಾಗಿ ಅನಿಸಿದರೆ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಪ್ರಮಾಣಪತ್ರ ‘ಶಾಶ್ವತ’ವೋ ‘ತಾತ್ಕಾಲಿಕ’ವೋ ಎಂಬುದನ್ನೂ ಅಲ್ಲಿಯೇ ನೋಡಿಕೊಳ್ಳಿ, ತಾತ್ಕಾಲಿಕವಾಗಿದ್ದರೆ ಅದರ ಅವಧಿ ಮುಗಿಯುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಏಕೆಂದರೆ ಅವಧಿ ಮುಗಿದ ಪ್ರಮಾಣಪತ್ರವನ್ನು ನೆಚ್ಚಿಕೊಂಡ ಪಿಂಚಣಿಯೂ ನಿಂತುಹೋಗಬಹುದು.

ನಿಮ್ಮ ಪತ್ರದಲ್ಲಿ ನೀವು ಕೇಳದೇ ಇದ್ದ ಒಂದು ವಿಷಯ ಇದಕ್ಕಿಂತ ದೊಡ್ಡದು. ನಿಮ್ಮ ಯಜಮಾನರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೇ? ಲೇಬರ್ ಕಾರ್ಡ್ ಎಂದು ಎಲ್ಲರೂ ಹೇಳುವುದು ಅದಕ್ಕೇ. ನೋಂದಾಯಿತ ಕಾರ್ಮಿಕನಿಗೆ ಕೆಲಸದ ಜಾಗದ ಅಪಘಾತದಿಂದ ಮಾತ್ರವಲ್ಲ, ಕಾಯಿಲೆಯಿಂದ ಶಾಶ್ವತ ಅಂಗವೈಕಲ್ಯ ಬಂದರೂ ಮಂಡಳಿಯಿಂದ ಮಾಸಿಕ 2,000 ರೂಪಾಯಿ ದುರ್ಬಲತೆ ಪಿಂಚಣಿ ಮತ್ತು ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ 2 ಲಕ್ಷ ರೂಪಾಯಿವರೆಗೆ ಅನುಗ್ರಹ ರಾಶಿ ನೀಡುವ ಯೋಜನೆ ಇದೆ. ಕಾರ್ಡ್ ಇದ್ದು ನವೀಕರಣ ತಪ್ಪಿದ್ದರೆ ತಡಮಾಡದೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ವಿಚಾರಿಸಿ. ಇದನ್ನು ಓದುವ ಇತರ ಗಾರೆ, ಬಡಗಿ, ಪೈಂಟಿಂಗ್ ಕೆಲಸದವರು ಆರೋಗ್ಯ ಚೆನ್ನಾಗಿರುವಾಗಲೇ ಆ ಕಾರ್ಡ್ ಮಾಡಿಸಿಕೊಳ್ಳಬೇಕು. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಆಧಾರ ಬೇಕಾಗಿರುವುದರಿಂದ, ಹಾಸಿಗೆ ಹಿಡಿದ ಮೇಲೆ ಅದು ಸಾಧ್ಯವಾಗುವುದಿಲ್ಲ.

ಕೊನೆಯದಾಗಿ, ನಿಮ್ಮ ಗ್ರಾಮ ಪಂಚಾಯತ್ ತನ್ನ ಅನುದಾನದ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು. ಊರುಗೋಲು, ವಾಕರ್, ಶೌಚಾಲಯಕ್ಕೆ ಹಿಡಿಕೆ, ವೈದ್ಯಕೀಯ ನೆರವು ಮುಂತಾದವನ್ನು ಅದರಿಂದ ಕೇಳಬಹುದು. ಗ್ರಾಮಸಭೆಯಲ್ಲಿ ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.

ಪ್ರಶ್ನೆ: ನನಗೆ ಎರಡೂ ಕಿಡ್ನಿ ವಿಫಲವಾಗಿ ವಾರಕ್ಕೆ ಮೂರು ದಿನ ಡಯಾಲಿಸಿಸ್ ನಡೆಯುತ್ತಿದೆ. ಕೆಲಸ ಬಿಟ್ಟಿದ್ದೇನೆ. ಅಂಗವಿಕಲರ ಕಾರ್ಡಿಗೆ ಅರ್ಜಿ ಹಾಕಿದಾಗ ನಿಮ್ಮ ಕಾಯಿಲೆ ಪಟ್ಟಿಯಲ್ಲಿ ಇಲ್ಲ ಎಂದರು. ಕೈಕಾಲು ಇದ್ದೂ ಏನೂ ಮಾಡಲಾಗದ ಸ್ಥಿತಿ ಅಂಗವೈಕಲ್ಯವಲ್ಲವೇ?
— ಓದುಗರು, ಕುಂದಾಪುರ

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಆದರೆ ಕಾನೂನಿನ ಉತ್ತರ ನಿಮಗೆ ಅನುಕೂಲವಾಗಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016, ಹಿಂದಿನ 1995ರ ಕಾಯ್ದೆಯಲ್ಲಿದ್ದ ಏಳು ವಿಧಗಳನ್ನು 21ಕ್ಕೆ ಏರಿಸಿತು. ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಎಂಬ ಮೂರು ರಕ್ತಸಂಬಂಧಿ ಕಾಯಿಲೆಗಳೂ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗಗಳೂ ಆಗ ಪಟ್ಟಿಗೆ ಸೇರಿದವು. ಕಿಡ್ನಿ ವೈಫಲ್ಯ, ಕ್ಯಾನ್ಸರ್, ಹೃದ್ರೋಗ ಸೇರಲಿಲ್ಲ. ರಕ್ತದ ಕಾಯಿಲೆ ಒಳಗೆ ಬಂದು ರಕ್ತ ಶುದ್ಧೀಕರಿಸುವ ಅಂಗದ ವೈಫಲ್ಯ ಹೊರಗುಳಿದದ್ದಕ್ಕೆ ತರ್ಕ ಹುಡುಕುವುದು ಕಷ್ಟ. ಆದ್ದರಿಂದ ಆ ಕಾರ್ಡಿಗಾಗಿ ಇನ್ನೂ ಓಡಾಡಬೇಡಿ. ಮಧ್ಯವರ್ತಿ ಯಾರಾದರೂ ‘ನಾನು ಮಾಡಿಸಿಕೊಡುತ್ತೇನೆ’ ಎಂದರೆ ಹಣ ಕೊಡಬೇಡಿ.

ನಿಮಗಿರುವುದು ಚಿಕಿತ್ಸೆಯ ದಾರಿ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಿಪಿಎಲ್ ಕುಟುಂಬದವರಿಗೆ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಉಚಿತ. ನೀವು ಈಗ ಖಾಸಗಿಯಲ್ಲಿ ಮಾಡಿಸಿಕೊಳ್ಳುತ್ತಿದ್ದರೆ ಸರ್ಕಾರಿ ಆಸ್ಪತ್ರೆಯ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿಡಿ. ಸರದಿ ಬರಲು ಸಮಯ ಹಿಡಿದರೂ, ಹೆಸರು ಬರೆಸದವರ ಸರದಿ ಬರುವುದೇ ಇಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಟ್ಟು 1.5 ಲಕ್ಷ ರೂಪಾಯಿ ಮೀರದಂತೆ, ಸರ್ಕಾರ ಭರಿಸುತ್ತದೆ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲು ಪಡೆದೇ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಮೊದಲು ದಾಖಲಾಗಿ ಆಮೇಲೆ ಪತ್ರ ತರುತ್ತೇವೆ ಎಂದವರು ಬಿಲ್ಲಿನ ಕೌಂಟರಿನ ಎದುರು ಅಳುವುದನ್ನು ನಾನು ಹಲವು ಸಲ ನೋಡಿದ್ದೇನೆ. ಈ ಯೋಜನೆಯ ನೆರವಿಗೆಂದೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ದಾಖಲಾಗುವ ಮುಂಚೆಯೇ ಭೇಟಿಯಾಗಿ.

ಕಿಡ್ನಿ ಕಸಿಯ ಯೋಚನೆ ಇದ್ದು ಮನೆಯಲ್ಲಿ ದಾನಿ ಇಲ್ಲದಿದ್ದರೆ, ಮೃತ ದಾನಿಗಳ ಅಂಗಗಳ ಹಂಚಿಕೆಯನ್ನು ರಾಜ್ಯದಲ್ಲಿ ನೋಡಿಕೊಳ್ಳುವ ‘ಜೀವಸಾರ್ಥಕತೆ’ಯಲ್ಲಿ ನಿಮ್ಮ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಬೇಕು. ಚಿಕಿತ್ಸೆಗಾಗಿ ರೈಲಿನಲ್ಲಿ ಪ್ರಯಾಣಿಸುವ ಕಿಡ್ನಿ ರೋಗಿಗೂ ಜೊತೆಗಾರರಿಗೂ ದರದಲ್ಲಿ ರಿಯಾಯಿತಿ ಇದೆ; ಅದಕ್ಕೆ ಅಂಗವಿಕಲರ ಕಾರ್ಡ್ ಬೇಡ, ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯವರು ಬರೆದುಕೊಟ್ಟ ಪತ್ರ ಸಾಕು.

ಪ್ರಶ್ನೆ: ನನ್ನ ಮಗನಿಗೆ ಬೌದ್ಧಿಕ ನ್ಯೂನತೆ ಇದೆ. ಕಳೆದ ತಿಂಗಳು 18 ತುಂಬಿತು. ಅವನ ಖಾತೆಯನ್ನು ಇಷ್ಟು ದಿನ ನಾನೇ ನಡೆಸುತ್ತಿದ್ದೆ. ಈಗ ಬ್ಯಾಂಕಿನವರು, ಮಗ ವಯಸ್ಕನಾದ, ಅವನೇ ಸಹಿ ಹಾಕಬೇಕು ಅಥವಾ ಕಾನೂನುಬದ್ಧ ಪೋಷಕರ ಪತ್ರ ತರಬೇಕು ಎನ್ನುತ್ತಾರೆ. ಹೆತ್ತ ತಾಯಿಗೆ ಇನ್ನೊಂದು ಪತ್ರ ಯಾಕೆ? ನನಗೆ 58 ವರ್ಷ, ಪತಿ ಇಲ್ಲ. ನಾನಿಲ್ಲದ ಮೇಲೆ ಅವನ ಗತಿ ಏನು ಎಂಬ ಯೋಚನೆಯಲ್ಲಿ ನಿದ್ದೆ ಬರುವುದಿಲ್ಲ.
— ಓದುಗರು, ಉಡುಪಿ

ಉತ್ತರ: ಮಗುವಿಗೆ 18 ತುಂಬುವವರೆಗೆ ತಾಯಿತಂದೆಯರು ಸಹಜ ಪೋಷಕರು, ಆ ದಿನ ಕಳೆದ ಮೇಲೆ ಕಾನೂನಿನ ಕಣ್ಣಿಗೆ ಅವನು ಸ್ವತಂತ್ರ ವ್ಯಕ್ತಿ. ಬ್ಯಾಂಕಿನವರ ಮಾತು ಒರಟಾಗಿ ಕೇಳಿಸಿದರೂ ತಪ್ಪಲ್ಲ. ಇದಕ್ಕಾಗಿಯೇ ರಾಷ್ಟ್ರೀಯ ನ್ಯಾಸ ಕಾಯ್ದೆ, ಅಂದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರಲ್ಲಿ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಮತ್ತು ಬಹುವಿಧ ನ್ಯೂನತೆ ಇರುವ ವಯಸ್ಕರಿಗೆ ಇದರಡಿ ಪೋಷಕರನ್ನು ನೇಮಿಸಲಾಗುತ್ತದೆ. ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ, ವಕೀಲರು ಬೇಕಾಗಿಲ್ಲ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುವ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿ ಸಂಕೀರ್ಣದಲ್ಲಿ ವಿಕಲಚೇತನರ ಇಲಾಖೆಯ ಜಿಲ್ಲಾ ಅಧಿಕಾರಿಯನ್ನು ಕಂಡು, ಆ ಸಮಿತಿಗೆ ಅರ್ಜಿ ಸಲ್ಲಿಸುವ ನಮೂನೆಯನ್ನು ಕೇಳಿ. ಸಮಿತಿ ಕೊಡುವ ಪೋಷಕತ್ವದ ಪತ್ರವನ್ನು ಬ್ಯಾಂಕ್ ಒಪ್ಪಬೇಕು. ರಿಸರ್ವ್ ಬ್ಯಾಂಕ್ ಈ ಬಗ್ಗೆ ಬ್ಯಾಂಕುಗಳಿಗೆ ಸೂಚನೆ ನೀಡಿದೆ.

ಅರ್ಜಿಯ ಮುಂಚೆ ಮಗನ ಪ್ರಮಾಣಪತ್ರ ನೋಡಿ. ಬೌದ್ಧಿಕ ನ್ಯೂನತೆಯ ಪ್ರಮಾಣಪತ್ರವನ್ನು 5, 10 ಮತ್ತು 18ನೆಯ ವಯಸ್ಸಿನಲ್ಲಿ ನವೀಕರಿಸುವ ಕ್ರಮವಿದೆ. 18ರ ನಂತರ ಕೊಡುವುದು ಜೀವಮಾನಕ್ಕೆ ಮಾನ್ಯ. ಆದ್ದರಿಂದ ಈಗ ಮಾಡಿಸುವ ಪತ್ರದ ಅಂಕಿ ಅವನ ಉಳಿದ ಬದುಕಿಗೆಲ್ಲ ಅನ್ವಯಿಸುತ್ತದೆ. ಸಾಮಾಜಿಕ ಪ್ರೌಢಿಮೆಯನ್ನು ಅಳೆಯುವ ಪರೀಕ್ಷೆಯಲ್ಲಿ ಬರುವ ಅಂಕ 55ರಿಂದ 69ರೊಳಗಿದ್ದರೆ ಶೇ. 50, 36ರಿಂದ 54ರೊಳಗಿದ್ದರೆ ಶೇ. 75 ಎಂದು ಬರೆಯುತ್ತಾರೆ. ಆ ಪರೀಕ್ಷೆಯ ಬಹುಪಾಲು ಪ್ರಶ್ನೆಗಳನ್ನು ಕೇಳುವುದು ನಿಮ್ಮನ್ನು: ಒಬ್ಬನೇ ಅಂಗಡಿಗೆ ಹೋಗುತ್ತಾನೆಯೇ, ಚಿಲ್ಲರೆ ಎಣಿಸುತ್ತಾನೆಯೇ, ಹೇಳಿಕೊಡದೆ ಸ್ನಾನ ಮುಗಿಸುತ್ತಾನೆಯೇ. ಮಗನ ಬಗ್ಗೆ ಅಭಿಮಾನದಿಂದ ‘ಎಲ್ಲ ಮಾಡುತ್ತಾನೆ’ ಎನ್ನುವ ತಾಯಂದಿರೇ ಹೆಚ್ಚು. ಪಕ್ಕದಲ್ಲಿ ನಿಂತು ಹೇಳಿಕೊಟ್ಟಾಗ ಮಾಡುವುದು ಬೇರೆ, ತಾನಾಗಿ ಮಾಡುವುದು ಬೇರೆ. ಅದನ್ನು ಬಿಡಿಸಿ ಹೇಳಿ. ಬೌದ್ಧಿಕ ನ್ಯೂನತೆ ಶೇ. 75 ಅಥವಾ ಹೆಚ್ಚಿದ್ದವರಿಗೆ ಆದಾಯದ ಮಿತಿಗೆ ಒಳಪಟ್ಟು ಮಾಸಿಕ 2,000 ರೂಪಾಯಿ ಪಿಂಚಣಿ ಇದೆ.

ನಿಮ್ಮ ಕೊನೆಯ ಪ್ರಶ್ನೆಗೆ ಕಾನೂನು ಕೊಡಬಲ್ಲ ಉತ್ತರ ಇಷ್ಟು: ಪೋಷಕರು ತೀರಿಕೊಂಡರೆ ಅಥವಾ ಅಶಕ್ತರಾದರೆ ಅದೇ ಸಮಿತಿ ಇನ್ನೊಬ್ಬರನ್ನು ನೇಮಿಸಬಹುದು. ಸಂಬಂಧಿಕರಷ್ಟೇ ಅಲ್ಲ, ನೋಂದಾಯಿತ ಸಂಸ್ಥೆಯೂ ಅರ್ಜಿ ಸಲ್ಲಿಸಬಹುದು. ಪೋಷಕರಾದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿಯನ್ನೂ, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನೂ ಸಮಿತಿಗೆ ಒಪ್ಪಿಸಬೇಕು. ದುರುಪಯೋಗ ಮಾಡಿದರೆ ಅವರನ್ನು ತೆಗೆದುಹಾಕುವ ಅಧಿಕಾರವೂ ಸಮಿತಿಗಿದೆ. ಅಣ್ಣನ ಮಗನೋ ತಂಗಿಯ ಮಗಳೋ ಮುಂದೆ ನೋಡಿಕೊಳ್ಳಲು ಒಪ್ಪುವವರಿದ್ದರೆ, ಮನೆ ಮತ್ತು ಜಾಗದ ವಿಲೇವಾರಿಯ ಬಗ್ಗೆ ಉಯಿಲು ಬರೆದು ನೋಂದಾಯಿಸುವ ಕೆಲಸವನ್ನು ಈಗಲೇ ಮಾಡಿ, ಆ ವ್ಯಕ್ತಿ ಮತ್ತು ನಿಮ್ಮ ಮಗ ಒಬ್ಬರಿಗೊಬ್ಬರು ಒಗ್ಗುವಂತೆ ವರ್ಷಕ್ಕೆ ಕೆಲವು ದಿನವಾದರೂ ಅವರ ಮನೆಯಲ್ಲಿ ಅವನನ್ನು ಬಿಟ್ಟು ನೋಡಿ.

ನಿರಾಮಯ ಎಂಬ ಆರೋಗ್ಯ ವಿಮೆಯನ್ನೂ ಇದೇ ನ್ಯಾಸ ನಡೆಸುತ್ತದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆ. ನೋಂದಣಿಗೆ ಬಿಪಿಎಲ್‌ನವರು 250, ಎಪಿಎಲ್‌ನವರು 500 ರೂಪಾಯಿ ಕೊಡಬೇಕು. ದಾಖಲಾಗದೆ ಪಡೆಯುವ ಹೊರರೋಗಿ ಚಿಕಿತ್ಸೆ, ಥೆರಪಿಗಳೂ ಇದರಲ್ಲಿ ಸೇರಿವೆ, ಮುಂಚಿತ ವೈದ್ಯಕೀಯ ತಪಾಸಣೆ ಕೇಳುವುದಿಲ್ಲ. ಖಾಸಗಿ ವಿಮಾ ಕಂಪನಿಗಳು ಈ ಮಕ್ಕಳ ಹೆಸರು ಕೇಳಿದೊಡನೆ ಹಿಂದೆ ಸರಿಯುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಪ್ರಶ್ನೆ: ನನ್ನ ಬಲಗಿವಿ ಪೂರ್ತಿ ಕೇಳಿಸುವುದಿಲ್ಲ. ಎಡಗಿವಿ ಸರಿಯಿದೆ. ಒಂದು ಕಿವಿ ಹೋದರೆ ಶೇ. 50 ಆಗಬೇಕಲ್ಲವೇ?
— ಓದುಗರು, ಮೂಡುಬಿದಿರೆ

ಉತ್ತರ: ಲೆಕ್ಕ ಹಾಗಿಲ್ಲ. ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60 ಡೆಸಿಬಲ್‌ನಿಂದ ಶ್ರವಣ ನಷ್ಟವಿದ್ದರೆ ಮಂದ ಶ್ರವಣ, 70 ಮುಟ್ಟಿದರೆ ಕಿವುಡು. ಚೆನ್ನಾಗಿ ಕೇಳಿಸುವ ಕಿವಿಯೇ ಅಳತೆಗೋಲು ಆಗಿರುವುದರಿಂದ ನಿಮಗೆ ಶೇ. 40 ಬರುವುದಿಲ್ಲ. ಎಡಗಿವಿಯನ್ನು ಜೋಪಾನ ಮಾಡಿ.

ಪ್ರಶ್ನೆ: ನಮ್ಮದು ಮೂಲತಃ ಕೊಕ್ಕಡ ಭಾಗ, ಈಗ ಮಂಗಳೂರಿನಲ್ಲಿದ್ದೇವೆ. ಮಗಳಿಗೆ ಶೇ. 30 ಅಂಗವೈಕಲ್ಯ ಎಂದು ಬರೆದು ಪಿಂಚಣಿಗೆ ಅರ್ಹಳಲ್ಲ ಎಂದರು. ಗೇರು ತೋಟಕ್ಕೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ ನಾವು ಅಲ್ಲಿಯೇ ಇದ್ದೆವು. ಕಾಸರಗೋಡಿನ ಸಂಬಂಧಿಕರಿಗೆ 5 ಲಕ್ಷ ಸಿಕ್ಕಿದೆ, ನಮಗೆ ಯಾಕಿಲ್ಲ?
— ಓದುಗರು, ಮಂಗಳೂರು

ಉತ್ತರ: ಎರಡು ಪ್ರಶ್ನೆಗಳನ್ನು ಬೇರ್ಪಡಿಸೋಣ. ಸುಪ್ರೀಂ ಕೋರ್ಟ್ 2011ರ ಮೇ 13ರಂದು ಎಂಡೋಸಲ್ಫಾನ್‌ನ ತಯಾರಿಕೆ, ಮಾರಾಟ, ಬಳಕೆಯನ್ನು ದೇಶದಾದ್ಯಂತ ತಡೆಹಿಡಿಯಿತು. ಅದೇ ಪ್ರಕರಣದಲ್ಲಿ 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೊಟ್ಟ ನಿರ್ದೇಶನ ಕೇರಳ ಸರ್ಕಾರಕ್ಕೆ. ಅಲ್ಲಿ ಸಿಂಪಡಿಸಿದ್ದು ಕೇರಳದ ಪ್ಲಾಂಟೇಷನ್ ನಿಗಮ, ನಮ್ಮಲ್ಲಿ ಕರ್ನಾಟಕದ ಗೇರು ಅಭಿವೃದ್ಧಿ ನಿಗಮ. ಸಿಂಪಡಿಸಿದ ಹೆಲಿಕಾಪ್ಟರ್ ಒಂದೇ ಬಗೆಯದು, ಔಷಧವೂ ಒಂದೇ, ನಡುವೆ ರಾಜ್ಯದ ಗಡಿ. ಆ ಆದೇಶವನ್ನು ಹಿಡಿದು ಇಲ್ಲಿಯ ಕಚೇರಿಯಲ್ಲಿ ಹಣ ಕೇಳಲಾಗದು.

ಆದರೆ ನಿಮ್ಮ ಮಗಳ ಪಿಂಚಣಿಯ ವಿಷಯ ಮುಗಿದಿಲ್ಲ. ಸಾಮಾನ್ಯ ಅಂಗವಿಕಲ ಪಿಂಚಣಿ ಶೇ. 40ರಿಂದ ಆರಂಭವಾಗುತ್ತದೆ, ಎಂಡೋಸಲ್ಫಾನ್ ಸಂತ್ರಸ್ತರಿಗೆ ರಾಜ್ಯ ಸರ್ಕಾರ ನೀಡುವ ಮಾಸಾಶನ ಶೇ. 25ರಿಂದಲೇ ಆರಂಭವಾಗಿ, ಶೇ. 60 ದಾಟಿದವರಿಗೆ ಹೆಚ್ಚಾಗುತ್ತದೆ. ನಿಮ್ಮ ಮಗಳು ಅಂಗವಿಕಲರ ಸಾಮಾನ್ಯ ಪಟ್ಟಿಯಲ್ಲಿ ಮಾತ್ರ ಇದ್ದಾಳೆಯೇ, ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿ ಸೇರಿದ್ದಾಳೆಯೇ ಎಂಬುದನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲು ತಿಳಿಯಿರಿ. ಸೇರಿರದಿದ್ದರೆ, ಆ ವರ್ಷಗಳಲ್ಲಿ ನೀವು ಅಲ್ಲಿ ವಾಸವಿದ್ದುದಕ್ಕೆ ಹಳೆಯ ಪಡಿತರ ಚೀಟಿ, ಶಾಲೆಯ ದಾಖಲೆ, ಮನೆ ತೆರಿಗೆಯ ರಸೀದಿ, ತಾಯಿ ಕಾರ್ಡ್, ಏನಿದ್ದರೂ ಒಟ್ಟುಮಾಡಿ ಅರ್ಜಿ ಕೊಡಿ. ಊರು ಬಿಡುವಾಗ ಅನುಪಯುಕ್ತವೆಂದು ಅಟ್ಟಕ್ಕೆ ಎಸೆದ ಟ್ರಂಕಿನಲ್ಲಿ ಇಂತಹ ಕಾಗದಗಳು ಸಿಗುವುದುಂಟು. ಕೊಕ್ಕಡ ಮತ್ತು ಕೊಯಿಲದಲ್ಲಿ ಸಂತ್ರಸ್ತರಿಗಾಗಿ ಹಗಲು ಪಾಲನಾ ಕೇಂದ್ರಗಳೂ ನಡೆದುಬಂದಿವೆ. ಅಲ್ಲಿಗೆ ಬರುವ ಕುಟುಂಬಗಳಿಗೆ ಈ ಅರ್ಜಿಯ ಹಾದಿ ನನಗಿಂತ ಚೆನ್ನಾಗಿ ತಿಳಿದಿದೆ.

ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರೆದ ಹಿಂಬರಹ ಕೊಡಿ ಎಂದು ಕೇಳಿ. ಇದು ಎಲ್ಲ ಓದುಗರಿಗೂ ಹೇಳುವ ಮಾತು. ಬಾಯಲ್ಲಿ ‘ಆಗುವುದಿಲ್ಲ’ ಎಂದದ್ದಕ್ಕೆ ಮೇಲ್ಮನವಿ ಇಲ್ಲ, ಹಿಂಬರಹಕ್ಕೆ ಇದೆ. ಸಕಾಲ ಯೋಜನೆಗೆ ಸೇರಿದ ಸೇವೆಯಾದರೆ ಸ್ವೀಕೃತಿ ಪತ್ರದಲ್ಲಿ ಹದಿನೈದು ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆ 500 ರೂಪಾಯಿಯಿಂದ ಯಾರೂ ಉದ್ಧಾರವಾಗುವುದಿಲ್ಲ, ಆದರೆ ಆ ಸಂಖ್ಯೆ ಹಿಡಿದು ಕೇಳುವವರ ಕಡತ ಮೇಜಿನ ಮೇಲೆ ಬರುತ್ತದೆ.

ಪ್ರಶ್ನೆ: ತಾಯಿಗೆ 71 ವರ್ಷ, ಪಾರ್ಕಿನ್ಸನ್ ಕಾಯಿಲೆ. ನಾನು ಕಾಲೇಜಿನಲ್ಲಿ ಉಪನ್ಯಾಸಕ. ಬಡವರಿಗೆ ಮೀಸಲಾದ ಯಾವುದೂ ನಮಗೆ ಸಿಗದು. ತೆರಿಗೆ ಕಟ್ಟುವವರಿಗೆ ಏನಾದರೂ ಇದೆಯೇ?
— ಓದುಗರು, ಮಣಿಪಾಲ

ಉತ್ತರ: ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ವಿಧಿಯಲ್ಲಿ ನಿರ್ದಿಷ್ಟ ಕಾಯಿಲೆಗಳ ಚಿಕಿತ್ಸಾ ವೆಚ್ಚಕ್ಕೆ, ರೋಗಿ ಹಿರಿಯ ನಾಗರಿಕರಾಗಿದ್ದರೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕಡಿತವನ್ನು ಇಡಲಾಗಿತ್ತು. ಪಾರ್ಕಿನ್ಸನ್ ಆ ಪಟ್ಟಿಯಲ್ಲಿದೆ, ಆದರೆ ನ್ಯೂನತೆ ಶೇ. 40 ಅಥವಾ ಹೆಚ್ಚಿರಬೇಕು, ನರರೋಗ ತಜ್ಞರ ಚೀಟಿಯೂ ಬೇಕು. ಇದು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿದ್ದೀರಾದರೆ ಎರಡನ್ನೂ ಲೆಕ್ಕ ಹಾಕಿಸಿ ಹೋಲಿಸಿ ನೋಡಿ. 2026ರ ಏಪ್ರಿಲ್‌ನಿಂದ ಜಾರಿಯ ಹೊಸ ಕಾಯ್ದೆಯಲ್ಲಿ ವಿಧಿಗಳ ಸಂಖ್ಯೆ ಬದಲಾಗಿರುವುದರಿಂದ ನಿಮ್ಮ ತೆರಿಗೆ ಸಲಹೆಗಾರರಿಗೆ ಕಾಯಿಲೆಯ ಹೆಸರಿನಿಂದಲೇ ಕೇಳಿ.

ಬಡವರಿಗೆ ಮೀಸಲಾದ ಯಾವುದೂ ಸಿಗದು ಎಂದಿರಿ; 70 ದಾಟಿದ ನಿಮ್ಮ ತಾಯಿಗೆ ಆದಾಯ ನೋಡದೆ ಕೊಡುವ ಆಯುಷ್ಮಾನ್ ಸೌಲಭ್ಯವನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿದೆ. ಯುಡಿಐಡಿ ಕಾರ್ಡಿಗೂ ಆದಾಯದ ಮಿತಿ ಇಲ್ಲ, ಪಾರ್ಕಿನ್ಸನ್ ಆ 21ರ ಪಟ್ಟಿಯಲ್ಲಿಯೇ ಇದೆ; ಮಾಡಿಸಿಡಿ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆಯನ್ನು ರಾಜ್ಯ ಸರ್ಕಾರ 2024–25ರ ಬಜೆಟ್‌ನಲ್ಲಿ ಪ್ರಕಟಿಸಿತು. ಅದರ ಷರತ್ತುಗಳನ್ನು ರಜತಾದ್ರಿಯಲ್ಲಿ ವಿಚಾರಿಸಿ.

ಪ್ರಶ್ನೆ: ನನ್ನ ತಮ್ಮನಿಗೆ ಕ್ಷಯ. ಪೌಷ್ಟಿಕ ಆಹಾರಕ್ಕೆ 500 ರೂಪಾಯಿ ಬರುತ್ತದೆ ಎಂದು ಕೇಳಿದ್ದೆವು, ಬಂದಿಲ್ಲ.
— ಓದುಗರು, ಉಳ್ಳಾಲ

ಉತ್ತರ: ನಿಕ್ಷಯ್ ಪೋಷಣ್ ಯೋಜನೆಯ ಆ ಮೊತ್ತ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಯಾಗಿದೆ, ಚಿಕಿತ್ಸೆ ಮುಗಿಯುವವರೆಗೂ ಸಿಗಬೇಕು, ಎಪಿಎಲ್ ಬಿಪಿಎಲ್ ಭೇದವಿಲ್ಲ. ಖಾಸಗಿ ವೈದ್ಯರಲ್ಲಿ ಔಷಧ ತೆಗೆದುಕೊಳ್ಳುತ್ತಿದ್ದರೂ ಕ್ಷಯ ರೋಗಿಗಳ ಸರ್ಕಾರಿ ದಾಖಲೆಯಾದ ನಿಕ್ಷಯ್‌ನಲ್ಲಿ ನೋಂದಣಿಯಾಗಿದ್ದರೆ ಅರ್ಹತೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬ್ಯಾಂಕ್ ಪಾಸ್‌ಬುಕ್ ಮತ್ತು ಆಧಾರ್ ಒಯ್ದು, ನೋಂದಣಿಯಲ್ಲಿ ಖಾತೆಯ ಸಂಖ್ಯೆ ತುಂಬಿದ್ದಾರೆಯೇ ಎಂದು ಕೇಳಿ.

ಪ್ರಶ್ನೆ: ಪೋಲಿಯೋದಿಂದ ಒಂದು ಕಾಲು ಸೋತಿದೆ. 660 ರೂಪಾಯಿ ಕೊಟ್ಟು ಅಂಗವಿಕಲರ ಬಸ್ ಪಾಸ್ ಮಾಡಿಸಿದೆ. ಕಂಡಕ್ಟರ್ ಪಾಸ್ ನೋಡಿ, ಇದು ಇಲ್ಲಿ ನಡೆಯುವುದಿಲ್ಲ ಎಂದು ಟಿಕೆಟ್ ಕೊಟ್ಟ. ದೂರು ಕೊಡಬಹುದೇ?
— ಓದುಗರು, ಕಾಪು

ಉತ್ತರ: ನೀವು ಹತ್ತಿದ್ದು ಖಾಸಗಿ ಸರ್ವಿಸ್ ಬಸ್ ಎಂದು ಊಹಿಸುತ್ತೇನೆ, ಕಾಪುವಿನಲ್ಲಿ ನಿಂತರೆ ಮೊದಲು ಬರುವುದು ಅದೇ. ಆ ಪಾಸ್ ಕೊಡುವುದು ಕೆಎಸ್‌ಆರ್‌ಟಿಸಿ, ಮನೆಯಿಂದ 100 ಕಿಲೋಮೀಟರ್‌ವರೆಗೆ ಆ ನಿಗಮದ ಬಸ್‌ಗಳಲ್ಲಿ ಮಾತ್ರ ಅದು ಮಾನ್ಯ. ಆದ್ದರಿಂದ ದೂರಿನಿಂದ ಪ್ರಯೋಜನವಿಲ್ಲ. ರಾಜ್ಯದ ಉಳಿದ ಭಾಗಗಳಲ್ಲಿ ಈ ಪಾಸಿನಿಂದ ವರ್ಷವಿಡೀ ಓಡಾಡುವವರಿದ್ದಾರೆ. ಖಾಸಗಿ ಬಸ್‌ಗಳನ್ನೇ ನೆಚ್ಚಿಕೊಂಡ ನಮ್ಮ ಎರಡು ಜಿಲ್ಲೆಗಳಲ್ಲಿ ಅದರ ಉಪಯೋಗ ಅರ್ಧಕ್ಕಿಂತ ಕಡಿಮೆ ಎಂಬ ಬೇಸರ ನನಗೂ ಇದೆ. ಉಡುಪಿ, ಮಂಗಳೂರು ನಗರಗಳಲ್ಲಿ ಓಡುವ ನರ್ಮ್ ಬಸ್‌ಗಳು ನಿಗಮದವೇ, ಅವುಗಳ ವೇಳೆ ನೋಡಿಕೊಂಡು ಹೊರಡಿ. ದಿನವೂ ದೂರ ಹೋಗುವವರಾಗಿದ್ದು ಕಾಲಿನ ನ್ಯೂನತೆ ಶೇ. 75 ಮೀರಿದ್ದರೆ, ವಿಕಲಚೇತನರ ಇಲಾಖೆ ಕೊಡುವ ಹಿಂಬದಿ ಎರಡು ಚಕ್ರ ಜೋಡಿಸಿದ ಸ್ಕೂಟರ್‌ಗೆ ಈ ವರ್ಷದ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ನಿಮ್ಮ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಗೆ, ಅಂದರೆ ಎಂಆರ್‌ಡಬ್ಲ್ಯುಗೆ ಈಗಲೇ ಫೋನ್ ಮಾಡಿ ಕೇಳಿ.